ತುಂಗಭದ್ರೆಯ ತಡಿಯ ತುತ್ತು

ಹಂಪೆಯ ಹೇಮಕೂಟದ ಇಳಿಜಾರಿನಲ್ಲಿ ಎರಡು ಗಣಪತಿ ವಿಗ್ರಹಗಳಿವೆ. ಒಂದರ ಎತ್ತರ ಸುಮಾರು ೮ ಅಡಿ, ಇನ್ನೊಂದರದು ಸುಮಾರು ೧೫ ಅಡಿ. ಎರಡೂ ಒಂದೊಂದೇ ಬಂಡೆಯಲ್ಲಿ ಕಡೆದವು. ಇಷ್ಟು ಭವ್ಯವಾದ ಮೂರ್ತಿಗಳಿಗೆ ಜನ ಇಟ್ಟ ಹೆಸರುಗಳಾದರೂ ಯಾವುವು? ಚಿಕ್ಕವನು ಸಾಸಿವೆಕಾಳು ಗಣಪ. ದೊಡ್ಡವನು ಕಡಲೆಕಾಳು ಗಣಪ. ಮುತ್ತುರತ್ನಗಳ ವ್ಯಾಪಾರಕ್ಕೆ ಲೋಕದಲ್ಲೆಲ್ಲ ಹೆಸರಾಗಿದ್ದ ರಾಜಧಾನಿಯಲ್ಲಿ ದೇವರಿಗೆ ಇಡಲು ಬೇರೆ ಹೆಸರೇ ದೊರೆಯಲಿಲ್ಲವೆಂದಲ್ಲ. ಹೆಸರಿಟ್ಟವರ ಮನೆಯಲ್ಲಿ ಮುತ್ತುರತ್ನಗಳು ಇದ್ದಿರಲಿಕ್ಕಿಲ್ಲ. ಸಾಸಿವೆ ಇತ್ತು, ಕಡಲೆ ಇತ್ತು. ಕಣ್ಣಿಗೆ ಕಂಡದ್ದನ್ನೆಲ್ಲ ಅಡಿಗೆಮನೆಯ ಡಬ್ಬಿಯಲ್ಲಿದ್ದುದರೊಡನೆ ಹೋಲಿಸಿ ನೋಡುವುದು ಮನುಷ್ಯಸ್ವಭಾವ.

ಹೊಸಪೇಟೆಯನ್ನು ನಡುವಿಟ್ಟುಕೊಂಡು ನೋಡಿದರೆ ಹಂಪೆ ಎಂಟು ಮೈಲಿ. ಕಂಪ್ಲಿ ಒಂದು ದಿಕ್ಕಿಗೆ, ಸಂಡೂರು ಇನ್ನೊಂದು ದಿಕ್ಕಿಗೆ; ಎರಡೂ ಹಿಂದಿನ ಎತ್ತಿನ ಬಂಡಿಯ ಲೆಕ್ಕದಲ್ಲಿ ಒಂದೊಂದು ದಿನದ ದಾರಿ. ಇಷ್ಟೇ ನೆಲ. ಆದರೆ ಈ ನಾಲ್ಕು ಊರುಗಳಲ್ಲಿ ಹುಟ್ಟಿ ಬೆಳೆದ ನಾಲ್ವರನ್ನು ಒಂದೆಡೆ ಕೂಡಿಸಿ, ಬಾಲ್ಯದಲ್ಲಿ ತಿಂದ ಯಾವ ತಿನಿಸನ್ನು ನೆನೆದರೆ ಬಾಯಲ್ಲಿ ನೀರೂರುತ್ತದೆಂದು ಕೇಳಿ ನೋಡಿ. ಜಗಳವಾಗದೆ ಮಾತು ಮುಗಿಯುವುದಿಲ್ಲ. ಒಬ್ಬರಿಗೆ ಅಮೃತವಾದದ್ದು ಇನ್ನೊಬ್ಬರು ಮೂಗು ಮುರಿಯುವ ವಸ್ತು. ವಿಚಿತ್ರವೆಂದರೆ ಈ ಜಗಳ ಹುಟ್ಟುವುದು ಹೋಳಿಗೆ ಕಡುಬುಗಳಂತಹ ಹಬ್ಬದ ಭಕ್ಷ್ಯಗಳ ಬಗೆಗಲ್ಲ. ಹೋಳಿಗೆಯನ್ನು ಬೇಡವೆನ್ನುವವರು ವಿರಳ. ಜಗಳವೆಲ್ಲ ಬಡ ತಿನಿಸುಗಳದು: ನೆನೆಸಿದ ಮಂಡಕ್ಕಿ, ಪುಂಡಿ ಸೊಪ್ಪು, ಜೋಳದ ಅಂಬಲಿ, ಶಾಲೆಯ ಉಪ್ಪಿಟ್ಟು.

ನೆನೆಸಬೇಕೆ, ನೆನೆಸಬಾರದೆ?

ಬೆಳಗಿನ ಏಳು ಗಂಟೆಯ ಹೊತ್ತಿಗೆ ಹೊಸಪೇಟೆಯ ಬೀದಿಗಳಲ್ಲಿ ನಡೆದರೆ ಮೂಗಿಗೆ ಮೊದಲು ಬಡಿಯುವುದು, ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದು ಈರುಳ್ಳಿ ಹಸಿಮೆಣಸಿನಕಾಯಿಗಳು ಬಾಡುವ ವಾಸನೆ. ಬಾಣಲೆಯ ಪಕ್ಕದಲ್ಲಿ ಅಗಲವಾದ ಬೋಗುಣಿ; ಅದರ ತುಂಬ ನೀರಿನಲ್ಲಿ ನೆನೆದ ಮಂಡಕ್ಕಿ. ಅಂಗಡಿಯವನು ಅದನ್ನು ಎರಡೂ ಕೈಯಿಂದ ಹಿಂಡಿ ಬಾಣಲೆಗೆ ಉದುರಿಸುತ್ತಾನೆ. ಅರಿಸಿನದ ಬಣ್ಣ ಹತ್ತಿದ ಮೇಲೆ ಒಂದು ಹಿಡಿ ಪುಟಾಣಿ ಹಿಟ್ಟು, ಕೊತ್ತಂಬರಿ ಸೊಪ್ಪು, ನಿಂಬೆಯ ಹುಳಿ. ಜೊತೆಗೆ ಕಡಲೆಹಿಟ್ಟಿನ ಅಂಗಿ ತೊಟ್ಟು ಎಣ್ಣೆಯಿಂದ ಆಗತಾನೆ ಮೇಲೆದ್ದ ಉದ್ದ ಮೆಣಸಿನಕಾಯಿಯ ಬಜ್ಜಿ. ಇಲ್ಲಿಯವರು ಇದನ್ನು ಬರಿಯ ‘ಒಗ್ಗರಣೆ’ ಎನ್ನುತ್ತಾರೆ. ಬಜ್ಜಿಗೆ ‘ಮಿರ್ಚಿ’ ಎಂದು ಹೆಸರು. ‘ಒಗ್ಗರಣೆ ಮಿರ್ಚಿ’ ಎಂದರೆ ಬೆಳಗಿನ ಫಲಾಹಾರದ ಪ್ರಶ್ನೆ ಬಗೆಹರಿದಂತೆಯೇ.

ಇದೇ ತಿನಿಸು ಗದಗ ಧಾರವಾಡಗಳ ಕಡೆಗೆ ‘ಸೂಸಲ’ವಾಗುತ್ತದೆ; ಪೂರ್ವಕ್ಕೆ ಹೊರಳಿ ಅನಂತಪುರ ಕರ್ನೂಲುಗಳನ್ನು ಸೇರಿದರೆ ‘ಉಗ್ಗಾನಿ’ಯಾಗುತ್ತದೆ. ಒಗ್ಗರಣೆಗೆ ಬೀಳುವ ಮೊದಲು ಮಂಡಕ್ಕಿಗೂ ಹೆಸರುಗಳ ಕೊರತೆಯಿಲ್ಲ. ಮಂಡಾಳು ಎನ್ನುವವರುಂಟು, ಚುರುಮುರಿ ಎನ್ನುವವರುಂಟು. ಮೈಸೂರು ಬೆಂಗಳೂರುಗಳಲ್ಲಿ ಅದು ಪುರಿ, ತೆಲುಗರಲ್ಲಿ ಬೊರುಗುಲು. ಬತ್ತವನ್ನು ನೆನೆಸಿ, ಕಾಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಚಿಮುಕಿಸಿ, ಭಟ್ಟಿಯ ಕಾದ ಮರಳಿನಲ್ಲಿ ಹುರಿದರೆ ಕಾಳು ಅರಳಿ ಮಂಡಕ್ಕಿಯಾಗುತ್ತದೆ. ಕಾಸಿಗೆ ಸೇರು ತುಂಬ ಬರುವ, ಹಗುರವಾದ, ಒಲೆ ಹೊತ್ತಿಸದೆಯೂ ತಿನ್ನಬಹುದಾದ ಇದಕ್ಕಿಂತ ಬಡವರ ಬಂಧು ಬೇರೊಂದಿಲ್ಲ.

ಜಗಳ ಇರುವುದು ಇಲ್ಲಿ. ಮೈಸೂರಿನವರ ಪಾಲಿಗೆ ಗರಿಗರಿಯಾಗಿರುವುದೇ ಪುರಿಯ ಪ್ರಾಣ. ಅವರು ಬಾಲ್ಯದಲ್ಲಿ ಜಾತ್ರೆಯಿಂದ ತಂದ ಕಡಲೆಪುರಿಯ ಪೊಟ್ಟಣವನ್ನು ಬಿಚ್ಚಿದವರು. ಪೊಟ್ಟಣಕ್ಕೆ ಗಾಳಿ ತಗಲಿ ಪುರಿ ಮೆತ್ತಗಾದರೆ ಅವರ ಮನೆಯಲ್ಲಿ ಅದನ್ನು ಮತ್ತೆ ಬಿಸಿಲಿಗೆ ಹಾಕುತ್ತಾರೆ. ಅಂಥವರ ಎದುರಿಗೆ ಒಳ್ಳೆಯ ಪುರಿಯನ್ನು ಬೇಕೆಂದೇ ನೀರಿನಲ್ಲಿ ಮುಳುಗಿಸಿ, ಹಿಂಡಿ, ಹಬೆಯಾಡುವ ಮುದ್ದೆ ಮಾಡಿ ತಟ್ಟೆಗೆ ಬಡಿಸಿದರೆ ಅವರಿಗೆ ಅದು ತಿಂಡಿಯಾಗಿ ಕಾಣುವುದಿಲ್ಲ, ಹಾಳಾದ ಪದಾರ್ಥವಾಗಿ ಕಾಣುತ್ತದೆ. ಹೊಸಪೇಟೆಯವರಿಗೋ, ಒಣ ಪುರಿಯನ್ನು ಹಿಡಿಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುವುದು ಹೊತ್ತು ಕಳೆಯುವ ಕೆಲಸವೇ ಹೊರತು ಹೊಟ್ಟೆ ತುಂಬಿಸುವ ಕೆಲಸವಲ್ಲ. ರುಚಿಯ ಜಗಳವೆಂದು ನಾವು ತಿಳಿಯುವುದರಲ್ಲಿ ಅರ್ಧ ಪಾಲು ಸ್ಪರ್ಶದ ಜಗಳ. ಉಪ್ಪು ಹುಳಿ ಖಾರಗಳು ಒಪ್ಪಿಗೆಯಾದರೂ, ಗರಿಗರಿಯಾಗಿರಬೇಕಾದದ್ದು ಮೆತ್ತಗಿದ್ದರೆ ನಾಲಗೆ ಹಿಂಜರಿಯುತ್ತದೆ.

ಹೊರಗಿನವರ ಮಾತಿರಲಿ, ಒಂದೇ ಮನೆಯೊಳಗಿನ ಪಕ್ಷಗಳೇ ಕಡಿಮೆಯಿಲ್ಲ. ಹಲ್ಲಿಲ್ಲದ ಅಜ್ಜಿಗೆ ಮಂಡಕ್ಕಿ ಚೆನ್ನಾಗಿ ನೆನೆದಿರಬೇಕು; ಕಾಲೇಜಿಗೆ ಹೋಗುವ ಮೊಮ್ಮಗನಿಗೆ ನೀರು ಸೋಕಿದೊಡನೆ ತೆಗೆದಿರಬೇಕು. ಪುಟಾಣಿ ಹಿಟ್ಟು ಹೆಚ್ಚಿದ್ದರೆ ಬಾಯಿ ಒಣಗುತ್ತದೆಂದು ಒಬ್ಬರು, ಅದಿಲ್ಲದಿದ್ದರೆ ಒಗ್ಗರಣೆ ಎಂಬ ಹೆಸರೇ ಸಲ್ಲದೆಂದು ಇನ್ನೊಬ್ಬರು. ಟೊಮೇಟೊ ಹಾಕುವುದು ಹೋಟೆಲಿನವರ ದುರಭ್ಯಾಸವೆಂದು ವಾದಿಸುವ ಹಿರಿಯರಿದ್ದಾರೆ. ಬಾಣಲೆ ಒಂದೇ ಆದರೂ ಮನೆಯಾಕೆ ಇಳಿಸುವುದು ಮೂರು ಸಲ.

ಹಿರಿಯರ ವಾದವನ್ನು ಕೇಳುವಾಗ ಒಂದು ಸಂಗತಿಯನ್ನು ನೆನೆದರೆ ನಗು ಬರುತ್ತದೆ. ಟೊಮೇಟೊ ಮಾತ್ರವಲ್ಲ, ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದಿಂದ ಬಂದವು. ಮೆಣಸಿನಕಾಯಿ ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳಲ್ಲಿ ನಮ್ಮ ನಾಡಿಗೆ ಬಂದದ್ದು. ಕೃಷ್ಣದೇವರಾಯನು ತನ್ನ ಬಾಲ್ಯದಲ್ಲಿ ಮಿರ್ಚಿಯ ರುಚಿ ಕಂಡಿರಲಾರ. ಶೇಂಗಾ ಎಣ್ಣೆಯ ಒಗ್ಗರಣೆಯನ್ನೂ ಮೂಸಿರಲಾರ. ಅನಾದಿಕಾಲದಿಂದ ಬಂದದ್ದೆಂದು ಈ ಸೀಮೆ ಎದೆತಟ್ಟಿ ಹೇಳುವ ತಟ್ಟೆಯಲ್ಲಿ ಅರ್ಧಕ್ಕರ್ಧ ವಲಸೆ ಬಂದವರೇ ಕುಳಿತಿದ್ದಾರೆ.

ಗಡಿ, ಸೊಸೆ, ಮೊಮ್ಮಗು

೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿದಾಗ, ಅದುವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ ಎರಡಾಗಿ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಹೊಸಪೇಟೆ, ಸಂಡೂರುಗಳೂ ಸೇರಿ ಉಳಿದವು ಮೈಸೂರಿಗೆ ಬಂದವು. ಕಂಪ್ಲಿ ಆಗ ಹೊಸಪೇಟೆ ತಾಲೂಕಿನಲ್ಲಿತ್ತು. ನಕಾಶೆಯ ಗೆರೆ ಬದಲಾದೊಡನೆ ಅಧಿಕಾರಿಗಳು, ಉಪಾಧ್ಯಾಯರು, ಅವರ ಸಂಸಾರಗಳು ದಕ್ಷಿಣದಿಂದ ಈ ಕಡೆಗೆ ವರ್ಗವಾಗಿ ಬರತೊಡಗಿದರು, ಸಂಬಂಧಗಳು ಬೆಳೆದವು. ಇಡ್ಲಿಗೆ ಕಾದು ಕುಳಿತ ಮೈಸೂರಿನ ನಾಲಗೆಯ ಮುಂದೆ ಒಗ್ಗರಣೆ ಬಂದು ಕುಳಿತದ್ದು ಹೀಗೆ.

ಮೈಸೂರು ಸೀಮೆಯಿಂದ ಹೊಸಪೇಟೆಯ ಮನೆ ತುಂಬಿದ ಸೊಸೆಯ ಕಥೆ ಈ ಊರಿನ ಬಹುಮಂದಿ ಹೆಂಗಸರಿಗೆ ಪರಿಚಿತ. ಮೊದಲ ವಾರ ಅವಳು ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುತ್ತಾಳೆ. ‘ಸೇರಲಿಲ್ಲೇನಮ್ಮಾ?’ ಎಂದು ಅತ್ತೆ ಕೇಳಿದರೆ, ‘ಹಾಗೇನಿಲ್ಲ ಅತ್ತೆ, ಹಸಿವಿಲ್ಲ’ ಎನ್ನುತ್ತಾಳೆ. ಮಾತು ಮೃದುವಾಗಿಯೇ ಇದ್ದರೂ ಇಬ್ಬರಿಗೂ ಒಳಗೊಳಗೆ ನೋವು. ಅತ್ತೆಗೆ, ತನ್ನ ತಾಯಿ ಕಲಿಸಿದ ಕೈಹದವನ್ನು ಹುಡುಗಿ ಹಳಿದಳೆಂಬ ಭಾವನೆ. ಹುಡುಗಿಗೆ, ತನ್ನ ತವರಿನ ನಾಲಗೆಯನ್ನು ಇಲ್ಲಿ ಯಾರೂ ವಿಚಾರಿಸುವವರಿಲ್ಲವೆಂಬ ಕೊರಗು. ಮಂಡಕ್ಕಿ ನೆಪಮಾತ್ರ. ಇಂಥ ಸಂದರ್ಭದಲ್ಲಿ ಬುದ್ಧಿವಂತೆಯಾದ ಅತ್ತೆ ಬೋಗುಣಿಯಿಂದ ಎರಡು ಹಿಡಿ ಒಣ ಮಂಡಕ್ಕಿಯನ್ನು ಬೇರೆ ತೆಗೆದು, ಎಣ್ಣೆ ಖಾರ ಕಲಸಿ, ಕೊಬ್ಬರಿ ಉದುರಿಸಿ ಕೊಡುತ್ತಾಳೆ. ಬುದ್ಧಿವಂತೆಯಲ್ಲದವಳು ಅದೇ ಮಾತನ್ನು ಬೀಗಿತಿಯವರೆಗೆ ಮುಟ್ಟಿಸುತ್ತಾಳೆ.

ಆದರೆ ಆ ಸೊಸೆಯ ಮಗುವಿಗೆ ಈ ತೊಡಕೇ ಇಲ್ಲ. ಅದು ಒಗ್ಗರಣೆಯ ಬಾಣಲೆ ಸದ್ದು ಮಾಡಿದೊಡನೆ ಎದ್ದು ಬರುತ್ತದೆ. ಇದಕ್ಕೆ ವಿಜ್ಞಾನಿಗಳು ಒಂದು ಕಾರಣವನ್ನು ಕಂಡುಹಿಡಿದಿದ್ದಾರೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಮೊನೆಲ್ ಸಂಶೋಧನ ಕೇಂದ್ರದಲ್ಲಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು, ಗರ್ಭಿಣಿಯರ ಒಂದು ಗುಂಪಿಗೆ ಕೊನೆಯ ತಿಂಗಳುಗಳಲ್ಲಿಯೂ ಬಾಣಂತಿಯರ ಇನ್ನೊಂದು ಗುಂಪಿಗೆ ಹಾಲೂಡಿಸುವ ಕಾಲದಲ್ಲಿಯೂ ಕ್ಯಾರೆಟ್ ರಸವನ್ನು ಕುಡಿಸಿ ನೋಡಿದರು. ಅವರ ಮಕ್ಕಳು ಅನ್ನಪ್ರಾಶನದ ವಯಸ್ಸಿಗೆ ಬಂದಾಗ ಕ್ಯಾರೆಟ್ ಬೆರೆಸಿದ ಗಂಜಿಯನ್ನು ಉಳಿದ ಮಕ್ಕಳಿಗಿಂತ ಕಡಿಮೆ ಮುಖ ಸಿಂಡರಿಸಿ ತಿಂದವು. ೨೦೦೧ರಲ್ಲಿ ಪ್ರಕಟವಾದ ಈ ಪರೀಕ್ಷೆಯಿಂದ ತಿಳಿದುಬಂದದ್ದೇನೆಂದರೆ, ತಾಯಿ ತಿಂದುದರ ವಾಸನೆ ರುಚಿಗಳು ಗರ್ಭಜಲದ ಮೂಲಕ, ಎದೆಹಾಲಿನ ಮೂಲಕ ಮಗುವಿಗೆ ಮೊದಲೇ ಪರಿಚಯವಾಗಿರುತ್ತವೆ. ಒಲ್ಲದ ಮನಸ್ಸಿನಿಂದ ಸೊಸೆ ನುಂಗಿದ ಒಗ್ಗರಣೆ ಮೊಮ್ಮಗನ ನಾಲಗೆಯಲ್ಲಿ ಊರಿನ ರುಚಿಯಾಗಿ ಮೊಳೆಯುವುದು ಹೀಗೆ.

ಆದರೆ ಎಲ್ಲವೂ ತಾಯಿಯಿಂದ ಕಲಿತದ್ದೇ ಎನ್ನುವಂತಿಲ್ಲ. ಕೊತ್ತಂಬರಿ ಸೊಪ್ಪು ಸಾಬೂನಿನ ವಾಸನೆ ಹೊಡೆಯುತ್ತದೆಂದು ಕೆಲವರು ಮುಖ ತಿರುಗಿಸುತ್ತಾರೆ. ಅದಕ್ಕೆ ಮೂಗಿನ ವಾಸನಾಗ್ರಾಹಕ ವಂಶವಾಹಿಗಳಲ್ಲಿರುವ ಸಣ್ಣ ವ್ಯತ್ಯಾಸವೂ ಒಂದು ಕಾರಣವೆಂದು ೨೦೧೨ರ ಸಂಶೋಧನೆಯೊಂದು ತೋರಿಸಿತು. ಒಗ್ಗರಣೆಯಿಂದ ಕೊತ್ತಂಬರಿಯ ಎಲೆಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗಿಡುವ ಹುಡುಗನನ್ನು ಗದರಿಸುವ ಮುನ್ನ ತಂದೆತಾಯಿಗಳು ಇದನ್ನು ನೆನೆಯುವುದು ಒಳ್ಳೆಯದು.

ಪುಂಡಿಯೂ ಗೋಂಗೂರವೂ

ಕಂಪ್ಲಿಯ ಕಡೆಗೆ ಹೋದರೆ ಜಗಳದ ವಸ್ತು ಬದಲಾಗುತ್ತದೆ. ಹೊಲದ ಬದುವಿನಲ್ಲಿ ತಾನಾಗಿ ಬೆಳೆದಂತೆ ಕಾಣುವ ಪುಂಡಿ ಗಿಡದ ಕಾಂಡದಿಂದ ರೈತನಿಗೆ ನಾರು, ನಾರಿನಿಂದ ಹಗ್ಗ; ಎಲೆಯಿಂದ ಅವನ ಹೆಂಡತಿಗೆ ಪಲ್ಯ. ಸೊಪ್ಪನ್ನು ಬೇಯಿಸಿ, ಹುಳಿನೀರನ್ನು ಬಸಿದು, ಜೋಳದ ನುಚ್ಚನ್ನೋ ಬೇಳೆಯನ್ನೋ ಕೂಡಿಸಿ ಮಸೆದು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಪುಂಡಿಪಲ್ಯ. ಇಂದು ಮಾಡಿದ್ದು ನಾಳೆ ಹೆಚ್ಚು ರುಚಿ ಎಂಬ ಮಾತುಂಟು. ಬಿಸಿ ರೊಟ್ಟಿಯ ಮೇಲೆ ಪಲ್ಯ, ಅದರ ಮೇಲೆ ಒಂದು ಮಿಳ್ಳೆ ಹಸಿ ಎಣ್ಣೆ. ಬಾಲ್ಯದಲ್ಲಿ ಇದನ್ನು ತಿಂದವರು ಯಾವ ದೂರದೇಶದಲ್ಲಿದ್ದರೂ ಮಳೆಗಾಲದಲ್ಲಿ ಇದನ್ನು ನೆನೆಯುತ್ತಾರೆ. ತಿನ್ನದವರಿಗೆ ಮಾತ್ರ ಅದರ ಹುಳಿ ಹಲ್ಲು ಚುಳ್ಳೆನ್ನಿಸುತ್ತದೆ. ಮೇಲಾಗಿ ಅದರ ಕಂದುಹಸಿರು ಮುದ್ದೆ ನೋಡಲು ಚೆಲುವಾದದ್ದೆಂದು ಅದರ ಭಕ್ತರೂ ಹೇಳುವುದಿಲ್ಲ.

ತುಂಗಭದ್ರಾ ಅಣೆಕಟ್ಟಿನಿಂದ ೧೯೫೩ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ನೀರಿನ ಹಿಂದೆಯೇ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದರು. ಬತ್ತದ ಬೇಸಾಯದಲ್ಲಿ ನುರಿತ ಅವರು ಕಾಲುವೆಗಳ ಅಂಚಿನಲ್ಲಿ ನೆಲ ಕೊಂಡು ನೆಲೆಸಿದ ವಸತಿಗಳಿಗೆ ಇಂದಿಗೂ ‘ಕ್ಯಾಂಪು’ ಎಂದೇ ಹೆಸರು. ಅವರು ತಮ್ಮೊಡನೆ ತಂದ ಪ್ರೀತಿಯ ಖಾದ್ಯ ಗೋಂಗೂರ ಪಚ್ಚಡಿ. ಗೋಂಗೂರವೆಂದರೆ ಬೇರೇನೂ ಅಲ್ಲ, ಅದು ಪುಂಡಿಯ ಮನೆತನದ್ದೇ ಸೊಪ್ಪು. ಆದರೆ ಸೊಪ್ಪು ಒಂದಾದರೂ ಬಾಳು ಬೇರೆ. ಕ್ಯಾಂಪಿನ ಅಡಿಗೆಮನೆಯಲ್ಲಿ ಹುಳಿಯನ್ನು ಬಸಿದು ಚೆಲ್ಲುವುದಿಲ್ಲ. ಎಣ್ಣೆಯಲ್ಲಿ ಹುರಿದು, ಒಣಮೆಣಸಿನಕಾಯಿಯೊಡನೆ ಅರೆದು, ಬಿಸಿ ಅನ್ನಕ್ಕೆ ಕಲಸುತ್ತಾರೆ. ಅದನ್ನು ಮೊದಲ ಬಾರಿಗೆ ಬಾಯಿಗಿಟ್ಟ ಊರಿನವನು ಖಾರಕ್ಕೆ ಕಣ್ಣೊರೆಸಿಕೊಂಡ. ಪುಂಡಿಪಲ್ಯವನ್ನು ಮೊದಲ ಬಾರಿಗೆ ಕಂಡ ಕ್ಯಾಂಪಿನವನು ಒಳ್ಳೆಯ ಗೋಂಗೂರವನ್ನು ನುಚ್ಚು ಬೆರೆಸಿ ಸಪ್ಪೆ ಮಾಡಿಟ್ಟರಲ್ಲಾ ಎಂದು ಮರುಗಿದ. ಎರಡು ತಲೆಮಾರು ಒಂದೇ ಶಾಲೆಯಲ್ಲಿ ಕುಳಿತು ಬುತ್ತಿ ಬಿಚ್ಚಿದ ಮೇಲೆ ಈಗ ಕಂಪ್ಲಿಯ ಮನೆಗಳಲ್ಲಿ ಎರಡೂ ನಡೆಯುತ್ತವೆ. ಜಾಡಿಯಲ್ಲಿ ಪಚ್ಚಡಿ, ಮಡಕೆಯಲ್ಲಿ ಪಲ್ಯ.

ಜೋಳದ ಮರ್ಯಾದೆ

ಕಾಲುವೆಯ ನೀರು ತಂದ ಇನ್ನೊಂದು ಬದಲಾವಣೆ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಹಂಪೆ, ಹೊಸಪೇಟೆ, ಕಂಪ್ಲಿಗಳ ಆಸುಪಾಸಿನಲ್ಲಿ ವಿಜಯನಗರದ ಕಾಲದ ಕಾಲುವೆಗಳಿದ್ದುದರಿಂದ ಆ ಗದ್ದೆಗಳಲ್ಲಿ ಬತ್ತ, ಕಬ್ಬು, ಬಾಳೆ ಶತಮಾನಗಳಿಂದ ಬೆಳೆಯುತ್ತಲೇ ಇದ್ದವು. ಕಾಲುವೆಯಿಂದ ನಾಲ್ಕು ಹೊಲ ದಾಟಿದರೆ ಸಾಕು, ಎರೆಭೂಮಿ. ಅಲ್ಲಿ ಜೋಳವೇ ದೇವರು. ಅಲ್ಲಿಯ ಮನೆಗಳಲ್ಲಿ ಅನ್ನವೆಂದರೆ ಹಬ್ಬ, ಇಲ್ಲವೆ ಬೀಗರು ಬಂದ ದಿನ. ‘ಇವತ್ತು ನಮ್ಮ ಮನೆಯಲ್ಲಿ ಅನ್ನ’ ಎಂದು ಮಕ್ಕಳು ಓಣಿಯಲ್ಲಿ ಸಾರಿಕೊಂಡು ಬರುತ್ತಿದ್ದ ಕಾಲ ಈಗಿನ ಅಜ್ಜಂದಿರ ನೆನಪಿನಲ್ಲಿದೆ. ಬಿಳಿ ಅನ್ನ ಉಳ್ಳವರ ಗುರುತು, ಜೋಳದ ಮುದ್ದೆ ಅಂಬಲಿಗಳು ಇಲ್ಲದವರ ಗುರುತು ಎಂಬ ಎಣಿಕೆ ಮಕ್ಕಳ ಮನಸ್ಸಿನಲ್ಲಿಯೂ ಬೇರೂರಿತು.

ಈ ಮೇಲುಕೀಳಿನ ಎಣಿಕೆ ಹೊಸದಲ್ಲ. ಕನಕದಾಸರು ‘ರಾಮಧಾನ್ಯಚರಿತ್ರೆ’ಯನ್ನು ಬರೆದದ್ದೇ ಇದನ್ನು ಕುರಿತು. ಶ್ರೀರಾಮನ ಸಮ್ಮುಖದಲ್ಲಿ ಬತ್ತಕ್ಕೂ ನರೆದಲಗನೆಂಬ ರಾಗಿಗೂ ವಾದ ಹತ್ತುತ್ತದೆ. ಉಳ್ಳವರ ಮನೆಯ ಅನ್ನ ತಾನೆಂದು ಬತ್ತ ಬೀಗಿದರೆ, ಬರಗಾಲದಲ್ಲಿ ಕೈಹಿಡಿದವನು ತಾನೆಂದು ರಾಗಿ ತಿರುಗಿ ಮಾತಾಡುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಹೊರಗೆ ತೆಗೆದಾಗ ಬತ್ತ ಕಂಗೆಟ್ಟಿರುತ್ತದೆ. ರಾಗಿ ಇದ್ದ ಹಾಗೆಯೇ ಇರುತ್ತದೆ. ಈ ಸೀಮೆಯಲ್ಲಿ ರಾಗಿಯ ಸ್ಥಾನದಲ್ಲಿ ಜೋಳವನ್ನು ಇಟ್ಟು ಓದಿಕೊಂಡರೆ ಏನೂ ತಪ್ಪಿಲ್ಲ. ಆದರೆ ಜೋಳದ ಸೆರೆವಾಸ ಕಾವ್ಯದಲ್ಲಲ್ಲ, ನಿಜವಾಗಿಯೇ ನಡೆಯುತ್ತಿತ್ತು. ಮನೆಯ ಮುಂದೆಯೋ ಊರ ಬಯಲಿನಲ್ಲಿಯೋ ಆಳವಾಗಿ ತೋಡಿದ ಹಗೇವಿನ ಒಳಮೈಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಧಾನ್ಯ ಕೆಡುತ್ತಿರಲಿಲ್ಲ. ತೆರೆದ ದಿನ ವಿಷದ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು ನೋಡಿ, ಅನಂತರವೇ ಆಳು ಒಳಗಿಳಿಯಬೇಕು. ಗೋಡೆಗೆ ತಾಗಿದ ಜೋಳಕ್ಕೆ ಮುಗ್ಗಿದ ವಾಸನೆ ಹತ್ತಿರುತ್ತಿತ್ತು. ಆ ಜೋಳದ ರೊಟ್ಟಿಯನ್ನು ಹೊಸಬರು ಮೂಸಿ ಬದಿಗಿಡುತ್ತಿದ್ದರು. ಅದನ್ನು ತಿಂದೇ ಬೆಳೆದವರಿಗೆ ಆ ವಾಸನೆಯೇ ಮನೆಯ ವಾಸನೆ.

ಅಂಬಲಿಯ ವಿಷಯದಲ್ಲಿ ಇನ್ನೊಂದು ಬಗೆಯ ಭಿನ್ನಮತ ಕಾಣುತ್ತದೆ. ಇದು ಊರಿಂದೂರಿಗಲ್ಲ, ಅಜ್ಜನಿಗೂ ಮೊಮ್ಮಗನಿಗೂ ನಡುವಿನದು. ಬಳ್ಳಾರಿ ಸೀಮೆ ಬರಗಾಲಗಳ ಸೀಮೆ. ೧೮೭೬ರಿಂದ ೧೮೭೮ರವರೆಗಿನ ಮಹಾಬರಗಾಲ ಇಲ್ಲಿ ಮಾಡಿದ ನಾಶಕ್ಕೆ ಲೆಕ್ಕವಿಲ್ಲ. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಮದ್ರಾಸ್ ಪ್ರಾಂತದ ಬರಪರಿಹಾರದ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯವನ್ನು ಆಧರಿಸಿದ ಮಟ್ಟಕ್ಕೆ ಇಳಿಸಿ ಕುಖ್ಯಾತನಾದ. ಆ ಕಥೆಗಳು ಮನೆಮನೆಗಳಲ್ಲಿ ಉಳಿದವು. ಅನಂತರವೂ ಬರಗಳು ಬಂದವು. ಹಸಿವು ತಾಳದೆ ಅಂಬಲಿ ಕುಡಿದವನಿಗೆ ಅದರಲ್ಲಿ ಹುಳಿಯೊಂದೇ ಅಲ್ಲ, ಅವಮಾನದ ರುಚಿಯೂ ಬೆರೆತಿರುತ್ತದೆ. ಎರಡು ಹೊತ್ತು ಅನ್ನ ಕಾಣುವ ಸ್ಥಿತಿ ಬಂದ ಮೇಲೆ ಅವನು ಅಂಬಲಿಯ ಗಡಿಗೆಯನ್ನು ಮನೆಯೊಳಕ್ಕೆ ಬರಗೊಡಲಿಲ್ಲ. ಅವನ ಮೊಮ್ಮಗ ಬೆಂಗಳೂರಿನಲ್ಲಿ ವೈದ್ಯರ ಮಾತು ಕೇಳಿ ಬಂದು, ‘ತಾತ, ಅಂಬಲಿ ಆರೋಗ್ಯಕ್ಕೆ ಬಹಳ ಒಳ್ಳೆಯದಂತೆ’ ಎಂದು ಹಂಬಲಿಸಿ ಕೇಳಿದಾಗ ಮುದುಕ ಏನೂ ಹೇಳದೆ ಎದ್ದು ಹೋದರೆ ಆಶ್ಚರ್ಯಪಡಬೇಕಾಗಿಲ್ಲ.

ಈಗ ಜೋಳದ ಗ್ರಹಗತಿ ತಿರುಗಿದೆ. ವಿಶ್ವಸಂಸ್ಥೆ ೨೦೨೩ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಆ ಪಟ್ಟಿಯಲ್ಲಿ ಜೋಳಕ್ಕೂ ಎಡೆ ದೊರೆಯಿತು. ಪಡಿತರದ ಅಕ್ಕಿ ಬಡವರ ಮನೆಗೆ ಬಿಟ್ಟಿಯಾಗಿ ಬರುತ್ತಿರುವಾಗ, ಹಂಪೆಯ ಪ್ರವಾಸಿಗಳು ಹೊಸಪೇಟೆಯ ಹೋಟೆಲುಗಳಲ್ಲಿ ಹಣ ಕೊಟ್ಟು ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಕೇಳುತ್ತಾರೆ. ಒಣರೊಟ್ಟಿ ಕಟ್ಟುಕಟ್ಟಾಗಿ ಪೇಟೆಯಲ್ಲಿ ಮಾರಾಟವಾಗುತ್ತದೆ. ಡೊಮಿಂಗೊ ಪಾಯಸ್ ಎಂಬ ಪೋರ್ತುಗೀಸ ಪ್ರವಾಸಿ ೧೫೨೦ರ ಸುಮಾರಿಗೆ ಇಲ್ಲಿಗೆ ಬಂದಾಗ ಅಕ್ಕಿ, ಜೋಳ, ಹೆಸರು, ಹುರುಳಿಗಳ ಸಮೃದ್ಧಿಯನ್ನು ಕಂಡು ಬೆರಗಾದ. ಗೋಧಿಯನ್ನು ಮಾತ್ರ ಮುಸಲ್ಮಾನರ ಹೊರತು ಇಲ್ಲಿ ಯಾರೂ ತಿನ್ನುವುದಿಲ್ಲವೆಂದು ಬರೆದಿಟ್ಟ. ಚಪಾತಿಯಿಲ್ಲದ ಮನೆಯೇ ಇಲ್ಲದ ಇಂದಿನ ಹೊಸಪೇಟೆಯನ್ನು ಅವನು ನೋಡಬೇಕಿತ್ತು.

ಬೆಟ್ಟದ ಮಡಿಲಲ್ಲಿ

ಸಂಡೂರಿನ ಬೆಟ್ಟಗಳಲ್ಲಿರುವ ಕುಮಾರಸ್ವಾಮಿಯ ವಿಷಯದಲ್ಲಿ ಒಂದು ಸ್ಥಳೀಯ ಐತಿಹ್ಯವುಂಟು. ತಾಯಿಯ ಮೇಲೆ ಮುನಿದ ಕುಮಾರನು ತಾನು ಕುಡಿದಿದ್ದ ಎದೆಹಾಲನ್ನೂ ಕಾರಿ ಹೊರಟುಬಂದನಂತೆ. ತಾಯಿ ಕೊಟ್ಟದ್ದನ್ನು ಬೇಡವೆನ್ನುವುದು ದೇವಲೋಕದಲ್ಲಿಯೂ ಸಣ್ಣ ಸಂಗತಿಯಲ್ಲವೆಂದು ಇದರಿಂದ ತಿಳಿಯುತ್ತದೆ.

ಸೀತಾಫಲ, ಬಾರೆಹಣ್ಣು, ಕವಳೆಹಣ್ಣು ಎಂದು ಗುಡ್ಡ ಅಲೆದು ಬೆಳೆದ ಸಂಡೂರಿನ ಮಕ್ಕಳಿಗೆ ತಿನಿಸಿನ ನೆನಪುಗಳೆಂದರೆ ಮುಳ್ಳು ತರಚಿದ ಮೊಣಕೈಗಳೂ ಹೌದು. ಆದರೆ ಇಲ್ಲಿ ನಿಂತು ಹೇಳಬೇಕಾದದ್ದು ತಾಂಡಾಗಳ ಮಾತು. ಸಂಡೂರಿನ ಲಂಬಾಣಿ ಹೆಂಗಸರ ಕಸೂತಿ ಇಂದು ಪರದೇಶಗಳಲ್ಲಿಯೂ ಹೆಸರಾಗಿದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಅದಕ್ಕೆ ದೊರೆತಿದೆ. ಅವರ ಲಂಗದ ಕನ್ನಡಿಗಳನ್ನು ಮೆಚ್ಚಿ ಕೊಳ್ಳುವವರಿಗೆ ಅವರ ಒಲೆಯ ಮೇಲಿರುವುದು ಏನೆಂದು ತಿಳಿಯದು. ಜೋಳದ ರೊಟ್ಟಿಗೆ ಅವರಲ್ಲಿ ‘ಬಾಟಿ’ ಎಂದು ಹೆಸರು. ಹಿಟ್ಟು ಬೆಲ್ಲಗಳ ‘ಗಳವಾಣಿ’ ಹಬ್ಬದ ಸಿಹಿ. ಮೇಕೆಯ ರಕ್ತವನ್ನು ಕೂಡಿಸಿ ಮಾಡುವ ‘ಸಳೋಯಿ’ ಅವರ ಬಲು ಅಕ್ಕರೆಯ ಪದಾರ್ಥ. ಕೊಂದ ಪ್ರಾಣಿಯ ಒಂದು ಹನಿಯನ್ನೂ ವ್ಯರ್ಥ ಮಾಡಬಾರದೆಂಬ ಬಡತನದ ಸಂಯಮ ಅದರ ಹಿಂದಿದೆ. ಹೆಸರು ಕೇಳಿದೊಡನೆ ಅಸಹ್ಯಪಡುವವರು ಒಂದು ಮಾತನ್ನು ನೆನೆಯಬಹುದು: ವಿಜಯನಗರದ ಪೇಟೆಯಲ್ಲಿ ಗುಬ್ಬಿ, ಇಲಿ, ಬೆಕ್ಕು, ಉಡಗಳಂತಹ ಜೀವಿಗಳು ಕೂಡ ಮಾರಾಟಕ್ಕಿದ್ದುವೆಂದೂ ಅರಸರೇ ಅವನ್ನು ತಿನ್ನುತ್ತಿದ್ದರೆಂದೂ ಫೆರ್ನಾವೊ ನೂನಿಜ್ ೧೫೩೫ರ ಸುಮಾರಿಗೆ ಬರೆದಿದ್ದಾನೆ. ಅವನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಬೇರೆ ವಿಚಾರ.

ತಾಂಡಾದ ಹುಡುಗಿ ಊರಿನ ಶಾಲೆಗೆ ಬಂದಾಗ ಬುತ್ತಿಯ ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆಗೆಯದೆ, ಮೊಣಕಾಲಿನ ಮರೆಯಲ್ಲಿಟ್ಟುಕೊಂಡು ತಿನ್ನುವುದನ್ನು ಉಪಾಧ್ಯಾಯಿನಿಯರು ಬಲ್ಲರು. ಮನೆಯಲ್ಲಿ ಅಕ್ಕರೆಯಿಂದ ತಿಂದದ್ದು ಶಾಲೆಯಲ್ಲಿ ನಾಚಿಕೆಯ ವಸ್ತುವಾಗುತ್ತದೆ. ಪಕ್ಕದವಳು ಮೂಗು ಮುಚ್ಚಿಕೊಂಡ ಒಂದು ಕ್ಷಣ ಸಾಕು. ಆ ಹುಡುಗಿ ಮನೆಗೆ ಹೋಗಿ ತಾಯಿಯೊಡನೆ, ‘ನಾಳೆಯಿಂದ ಅನ್ನ ಕಟ್ಟು’ ಎನ್ನುತ್ತಾಳೆ. ತಾಯಿಗೆ ಕಾರಣ ತಿಳಿಯುವುದಿಲ್ಲ, ಅಥವಾ ತಿಳಿದೂ ಸುಮ್ಮನಿರುತ್ತಾಳೆ. ಬಗೆಬಗೆಯ ನಾಲಗೆಗಳಿರುವುದರಿಂದ ಯಾರಿಗೂ ಕೇಡಿಲ್ಲ. ಮಗುವಿಗೆ ತನ್ನ ತಾಯಿಯ ಕೈತುತ್ತನ್ನು ಕಂಡು ನಾಚುವಂತೆ ಮಾಡುವುದು ಮಾತ್ರ ಕ್ಷುಲ್ಲಕ ಕೃತ್ಯವಲ್ಲ.

ಶಾಲೆಯ ಪಂಕ್ತಿ

ಶಾಲೆಯೇ ಬಡಿಸಿದ ಊಟವೂ ಜನರನ್ನು ಇಬ್ಭಾಗ ಮಾಡಿದ್ದುಂಟು. ಅರುವತ್ತು ಎಪ್ಪತ್ತರ ದಶಕಗಳಲ್ಲಿ ‘ಕೇರ್’ ಎಂಬ ಅಮೆರಿಕದ ಸಂಸ್ಥೆಯ ನೆರವಿನಿಂದ ನಾಡಿನ ಪ್ರಾಥಮಿಕ ಶಾಲೆಗಳಲ್ಲಿ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು ಹಂಚುತ್ತಿದ್ದರು. ದೂರದ ದೇಶದ ಹಿಟ್ಟು ನುಚ್ಚುಗಳಿಂದ, ಡಬ್ಬಿಯಲ್ಲಿ ಬಂದ ಎಣ್ಣೆಯಲ್ಲಿ ಬೇಯಿಸಿದ ಆ ಹಳದಿ ಉಪ್ಪಿಟ್ಟಿನ ಮಾತೆತ್ತಿದರೆ ಆಗಿನ ವಿದ್ಯಾರ್ಥಿಗಳಲ್ಲಿ ಅರ್ಧ ಮಂದಿ, ಅಂಥ ಉಪ್ಪಿಟ್ಟನ್ನು ಮತ್ತೆಂದೂ ತಿನ್ನಲಿಲ್ಲವೆಂದು ಕಣ್ಣು ಮುಚ್ಚಿ ಸವಿಯುತ್ತಾರೆ. ಇನ್ನರ್ಧ ಮಂದಿ ಅದರ ವಾಸನೆಯನ್ನು ನೆನೆದು ಇಂದಿಗೂ ಉಪ್ಪಿಟ್ಟನ್ನು ಮುಟ್ಟುವುದಿಲ್ಲ. ಒಂದೇ ಹಂಡೆಯಿಂದ ಬಡಿಸಿದ್ದು, ಒಂದೇ ಸಾಲಿನಲ್ಲಿ ಕುಳಿತು ತಿಂದದ್ದು. ಬೆಳಗ್ಗೆ ಮನೆಯಲ್ಲಿ ಉಂಡು ಬಂದವರು ಯಾರು, ಉಣ್ಣದೆ ಬಂದವರು ಯಾರು ಎಂದು ವಿಚಾರಿಸಿದರೆ ಬಹುಶಃ ಈ ಭೇದದ ಮೂಲ ಸಿಕ್ಕೀತು.

೨೦೦೨ರಲ್ಲಿ ಬಳ್ಳಾರಿಯೂ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಬಿಸಿಯೂಟಕ್ಕೆ ಅನ್ನ ಸಾರು ಬಂದವು. ೨೦೨೧ರ ಡಿಸೆಂಬರಿನಲ್ಲಿ ಅಪೌಷ್ಟಿಕತೆಯನ್ನು ತಡೆಯಲೆಂದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಬೇಯಿಸಿದ ಮೊಟ್ಟೆ ಕೊಡತೊಡಗಿದಾಗ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. ಮಠಾಧಿಪತಿಗಳಲ್ಲಿ ಹಲವರು ವಿರೋಧಿಸಿದರು. ಕಂಪ್ಲಿಯಿಂದ ಹೊಳೆ ದಾಟಿದರೆ ಸಿಗುವ ಗಂಗಾವತಿಯ ಶಾಲೆಯೊಂದರ ಬಾಲಕಿಯರು ತಮಗೆ ಮೊಟ್ಟೆ ಬೇಕೇ ಬೇಕೆಂದು ಧೈರ್ಯವಾಗಿ ಹೇಳಿದ್ದು ನಾಡಿಗೆಲ್ಲ ಕೇಳಿಸಿತು. ಯೋಜನೆ ಅನಂತರ ರಾಜ್ಯಕ್ಕೆಲ್ಲ ವಿಸ್ತರಿಸಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು; ಮೊದಲು ಚಿಕ್ಕಿಯೂ ಇತ್ತು. ಹಂಪೆಯ ಸುತ್ತಿನ ತೋಟಗಳಲ್ಲಿ ಬಾಳೆಗೇನೂ ಬರವಿಲ್ಲ. ಮೊಟ್ಟೆಯ ಪಕ್ಕದಲ್ಲಿ ಬಾಳೆಹಣ್ಣಿಟ್ಟುಕೊಂಡು ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ದೊಡ್ಡವರು ಮಾಡಿದಷ್ಟು ಚರ್ಚೆಯನ್ನು ಅವರು ಮಾಡುವುದಿಲ್ಲ. ಅವರಿಗೆ ಊಟದ ಗಂಟೆ ಚಿಕ್ಕದು, ಆಟ ಕಾದಿರುತ್ತದೆ.

ಈ ಮಕ್ಕಳು ಮುಂದೆ ಎಲ್ಲೆಲ್ಲಿಗೋ ಹೋಗುತ್ತಾರೆ. ಹೊಸಪೇಟೆಯಿಂದ ಬೆಂಗಳೂರಿಗೆ ಹೊರಡುವ ರಾತ್ರಿಯ ಬಸ್ಸುಗಳಲ್ಲಿ, ಮೇಲಿನ ಹಲಗೆಯ ಮೇಲೆ, ದಿಂಬಿನಂತೆ ಉಬ್ಬಿದ ಚೀಲಗಳು ಕಾಣುತ್ತವೆ. ಬೆಂಗಳೂರಿನಲ್ಲಿ ಪುರಿ ಸಿಗುವುದಿಲ್ಲವೆಂದಲ್ಲ. ಆದರೆ ಅಲ್ಲಿಯ ತೆಳ್ಳನೆಯ ಪುರಿಯನ್ನು ನೀರಿಗೆ ಹಾಕಿದರೆ ಕರಗಿ ಅಂಬಲಿಯಾಗುತ್ತದೆ. ಒಗ್ಗರಣೆಗೆ ಬೇಕಾದದ್ದು ಊರಿನ ಗಟ್ಟಿ ಮಂಡಕ್ಕಿ. ಅದರೊಡನೆ ಪುಟಾಣಿ ಹಿಟ್ಟಿನ ಡಬ್ಬಿ, ಒಣರೊಟ್ಟಿಯ ಕಟ್ಟು, ಗುರೆಳ್ಳು ಚಟ್ನಿ. ಕೂಲಿಯಿಲ್ಲದೆ ಹೊತ್ತೊಯ್ಯಬಹುದಾದಷ್ಟು ಹಗುರವಾದ ಆ ಚೀಲವನ್ನು ಮಗನ ಕೈಗೆ ಕೊಡುವಾಗ ತಾಯಿ ಕಿಟಕಿಯ ಹತ್ತಿರ ಬಂದು ನಿಂತು, ‘ಬಹಳ ಹೊತ್ತು ನೀರಿನಲ್ಲಿ ಬಿಡಬೇಡಪ್ಪಾ, ಮುಳುಗಿಸಿದೊಡನೆ ಹಿಂಡು’ ಎಂದು ಇನ್ನೊಮ್ಮೆ ಹೇಳುತ್ತಾಳೆ. ‘ಗೊತ್ತಮ್ಮಾ’ ಎನ್ನುತ್ತಾನೆ ಮಗ. ಬಸ್ಸು ಹೊರಡುತ್ತದೆ.